ಬಾದಾಮಿಯ ಬೆಟ್ಟ ಯಾವ ಶ್ರೇಣಿಯದು? ಕಲಾದಗಿ ಸೀಮೆಯ ಭೂಸಮೀಕ್ಷಾ ವರದಿಯ ಒಂದು ಪ್ರಕರಣ

ಬಾಗಲಕೋಟೆಯಿಂದ ಕೆರೂರಿನ ಮೇಲೆ ಬಾದಾಮಿಗೆ ಬರುವ ದಾರಿಯಲ್ಲಿ ಕಲ್ಲಿನ ನಿಲುವು ಬದಲಾಗುತ್ತದೆ. ಉತ್ತರಕ್ಕೆ, ಬಾಗಲಕೋಟೆ, ಕಲಾದಗಿ, ಲೋಕಾಪುರಗಳ ಸುತ್ತ, ಪದರಗಲ್ಲುಗಳು ವಾಲಿವೆ. ಕೆಲವೆಡೆ ವಾಲಿದ್ದು ಸಾಲದೆಂಬಂತೆ ನೆಟ್ಟಗೆ ನಿಂತಿವೆ, ಮಡಚಿಕೊಂಡಿವೆ. ಬಾದಾಮಿಗೆ ಬಂದು ಅಗಸ್ತ್ಯ ತೀರ್ಥದ ದಂಡೆಯಿಂದ ತಲೆಯೆತ್ತಿ ನೋಡಿದರೆ, ಅಲ್ಲಿನ ಕೆಂಪು ಮರಳುಗಲ್ಲು ಪದರದ ಮೇಲೆ ಪದರವಾಗಿ ಮಟ್ಟಸವಾಗಿ ಮಲಗಿದೆ. ನಡುವೆ ಅರ್ಧ ದಿನದ ಪ್ರಯಾಣವೂ ಇಲ್ಲ. ಎರಡೂ ಮರಳು, ಕೆಸರು ಕೂಡಿ ಗಟ್ಟಿಯಾದ ಕಲ್ಲುಗಳೇ. ಎರಡೂ ಒಂದೇ ಕಾಲದವಾದರೆ, ಒಂದನ್ನು ಹಿಂಡಿ ಮಡಚಿದ ಶಕ್ತಿ ಇನ್ನೊಂದನ್ನು ಮುಟ್ಟದೆ ಬಿಟ್ಟದ್ದು ಹೇಗೆ?

ಈ ಪ್ರಶ್ನೆಗೆ ಉತ್ತರ ನೆಲೆಗೊಳ್ಳಲು ಸುಮಾರು ತೊಂಬತ್ತು ವರ್ಷ ಹಿಡಿಯಿತು. ಈ ಸೀಮೆಯ ಮೊದಲ ದೊಡ್ಡ ದಾಖಲೆ 1876ರದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಹೊರತರುತ್ತಿದ್ದ ದೊಡ್ಡ ಸಂಪುಟಗಳ ಪೈಕಿ ಹನ್ನೆರಡನೆಯದರಲ್ಲಿ, ‘ದಕ್ಷಿಣ ಮರಾಠಾ ಸೀಮೆ’ ಮತ್ತು ಅದರ ನೆರೆಯ ಜಿಲ್ಲೆಗಳ ಭೂರಚನೆಯನ್ನು ವಿವರಿಸುವ ವರದಿಯಾಗಿ ಅಚ್ಚಾಯಿತು. ಬರೆದವರು ರಾಬರ್ಟ್ ಬ್ರೂಸ್ ಫೂಟ್. ಸಮೀಕ್ಷೆಯ ವರದಿಯೆಂದರೆ ಎಲ್ಲಿ ಅಗೆದರೆ ಏನು ಸಿಗುತ್ತದೆ ಎಂದು ಸರ್ಕಾರಕ್ಕೆ ತಿಳಿಸುವ ಕಡತ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆ ಲೆಕ್ಕದಲ್ಲಿ ಓದಿದರೆ ಇದು ನೀರಸ ಕಡತವೇ. ನಾನು ಇದನ್ನು ಪ್ರಕರಣವಾಗಿ ಆರಿಸಿಕೊಂಡದ್ದು ಬೇರೆ ಕಾರಣಕ್ಕೆ. ಇದರಲ್ಲಿ ನೆಲದ ಮೇಲೆ ಕಂಡು ಬರೆದದ್ದು ಬಹುಮಟ್ಟಿಗೆ ಇಂದಿಗೂ ನಿಂತಿದೆ. ಕಂಡದ್ದನ್ನು ವಿಂಗಡಿಸಿದ ರೀತಿ ಉಳಿದಿಲ್ಲ. ಆ ವಿಂಗಡಣೆಯನ್ನು ಒಡೆಯಲು ಬೇಕಾದ ಸಾಕ್ಷ್ಯ ಮಾತ್ರ ಅದೇ ಗುಡ್ಡಗಳಲ್ಲಿ, ಫೂಟ್ ಅವರು ನಡೆದಾಡಿದ ಹಾದಿಯಲ್ಲೇ ಇತ್ತು.

ಸೀಮೆ ಮತ್ತು ಸಮೀಕ್ಷಕ

ದಕ್ಷಿಣ ಮರಾಠಾ ಸೀಮೆ ಎಂದು ಆಗಿನ ಆಡಳಿತ ಕರೆದದ್ದು ಬಹುಪಾಲು ಕನ್ನಡದ ನೆಲವನ್ನೇ. ಮುಂಬಯಿ ಪ್ರಾಂತದ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು, ಅವುಗಳ ಸಂದಿಯಲ್ಲಿ ಹರಡಿಕೊಂಡಿದ್ದ ರಾಮದುರ್ಗ, ಮುಧೋಳ, ಜಮಖಂಡಿಯಂಥ ಸಂಸ್ಥಾನಗಳು. ಕಲಾದಗಿ ಆಗ ಜಿಲ್ಲಾ ಕೇಂದ್ರ. 1880ರ ದಶಕದಲ್ಲಿ ಕಚೇರಿಗಳು ವಿಜಯಪುರಕ್ಕೆ ಹೋದ ಮೇಲೆ ಅದು ಸಾಧಾರಣ ಊರಾಯಿತು. ದಾಳಿಂಬೆ, ಚಿಕ್ಕು ತೋಟಗಳ ಊರೆಂದು ಈಗ ಹೆಸರು. ಆದರೆ ಭೂವಿಜ್ಞಾನದ ಪುಸ್ತಕಗಳಲ್ಲಿ ಕಲಾದಗಿಯ ಜಿಲ್ಲಾ ಪದವಿ ಹೋಗಿಲ್ಲ: ಇಡೀ ಶಿಲಾಶ್ರೇಣಿಗೆ ಫೂಟ್ ಕೊಟ್ಟ ಹೆಸರು ‘ಕಲಾದಗಿ’ ಎಂದೇ ಉಳಿದಿದೆ.

ಸರ್ವೇಕ್ಷಣಾ ಇಲಾಖೆ ಶುರುವಾದದ್ದು 1851ರಲ್ಲಿ, ಥಾಮಸ್ ಓಲ್ಡ್‌ಹ್ಯಾಮ್ ಅವರ ಕೈಯಲ್ಲಿ. ಮೊದಲ ಗರಜು ಕಲ್ಲಿದ್ದಲು. ಫೂಟ್ 1858ರಲ್ಲಿ ಸೇರಿದರು, ಮದರಾಸು ಕಡೆಯ ತಂಡಕ್ಕೆ. 1863ರ ಮೇ 30ರಂದು ಚೆನ್ನೈ ಹೊರಗಿನ ಪಲ್ಲಾವರದಲ್ಲಿ ಅವರಿಗೆ ಸಿಕ್ಕ ಒಂದು ಕಲ್ಲಿನ ಉಪಕರಣದಿಂದಲೇ ಭಾರತದ ಹಳೆ ಶಿಲಾಯುಗದ ಅಧ್ಯಯನ ಆರಂಭವಾಯಿತೆಂದು ಪುರಾತತ್ತ್ವದವರು ಎಣಿಸುತ್ತಾರೆ. ಆ ಕಣ್ಣು ಮಲಪ್ರಭೆ, ಘಟಪ್ರಭೆಗಳ ಕಣಿವೆಗೂ ಅವರ ಜತೆ ಬಂದಿತು. ಗೋಕಾಕದ ಸೀಮೆಯಲ್ಲಿ ಸಿಕ್ಕ ಘೇಂಡಾಮೃಗದ ಪಳೆಯುಳಿಕೆಯನ್ನು 1874ರಲ್ಲಿ ವಿವರಿಸಿ, ಅದಕ್ಕೆ ದಖ್ಖನ್ನಿನ ಹೆಸರನ್ನೇ ಸೇರಿಸಿದರು. ಬೆಳಗಾವಿ ಜಿಲ್ಲೆಯಲ್ಲಿ ಘೇಂಡಾಮೃಗ ಮೇಯುತ್ತಿದ್ದ ಕಾಲವಿತ್ತು ಎಂಬುದು ಜನರಿಗೆ ಬಿಡಿ, ಅಲ್ಲಿನ ಶಾಲೆಯ ಮಕ್ಕಳಿಗೂ ಹೇಳುವವರಿಲ್ಲ.

ಅವರ ಬಳಿ ಇದ್ದ ಸಾಧನಗಳು ಸುತ್ತಿಗೆ, ದಿಕ್ಸೂಚಿ, ಪದರ ಎಷ್ಟು ವಾಲಿದೆಯೆಂದು ಅಳೆಯುವ ಒಂದು ಸಣ್ಣ ಉಪಕರಣ, ಭೂಮಾಪನದವರು ಮಾಡಿಕೊಟ್ಟ ನಕ್ಷೆ. ವಿಮಾನದಿಂದ ತೆಗೆದ ಚಿತ್ರವಿಲ್ಲ, ಉಪಗ್ರಹವಿಲ್ಲ. ಕಲ್ಲಿಗೆ ವಯಸ್ಸು ಹಚ್ಚುವ ವಿಧಾನವಂತೂ ಕನಸಿನಲ್ಲೂ ಇಲ್ಲ; ಅದಕ್ಕೆ ಆಧಾರವಾದ ವಿಕಿರಣಶೀಲತೆ ಎಂಬುದೊಂದು ಇದೆಯೆಂದು ಗೊತ್ತಾದದ್ದೇ 1896ರಲ್ಲಿ. ಯುರೋಪಿನಲ್ಲಿ ಪದರಗಲ್ಲುಗಳ ಹಿರಿತನ ಕಿರಿತನವನ್ನು ಚಿಪ್ಪು, ಎಲುಬುಗಳ ಪಳೆಯುಳಿಕೆ ನೋಡಿ ತೀರ್ಮಾನಿಸುತ್ತಿದ್ದರು. ಕಲಾದಗಿ ಸೀಮೆಯ ಕಲ್ಲು ಆ ಸಹಾಯವನ್ನೂ ಕೊಡುವುದಿಲ್ಲ. ಇವು ಚಿಪ್ಪಿನ ಪ್ರಾಣಿಗಳು ಹುಟ್ಟುವ ಮೊದಲೇ ಕೂಡಿದ ಕಲ್ಲುಗಳು. ಹಾಗಾಗಿ ಫೂಟ್ ಅವರಿಗೆ ಉಳಿದದ್ದು ಮೂರೇ ಆಧಾರ: ಯಾವುದು ಯಾವುದರ ಮೇಲಿದೆ, ಎಷ್ಟು ವಾಲಿದೆ, ಏನರಿಂದ ಆಗಿದೆ.

ಅಷ್ಟನ್ನೇ ಇಟ್ಟುಕೊಂಡು ಅವರು ಕಟ್ಟಿಕೊಟ್ಟ ಚೌಕಟ್ಟು ದೊಡ್ಡದು. ಎಲ್ಲಕ್ಕೂ ಕೆಳಗೆ ಗ್ರಾನೈಟಿನ ಬಳಗದ ಗಟ್ಟಿ ನೈಸ್ ಶಿಲೆ. ಅದು ಸವೆದು ಬಯಲಾದ ಮೇಲೆ ಅದರ ಬೆನ್ನ ಮೇಲೆ ಕೂಡಿದ ಮರಳುಗಲ್ಲು, ಜೇಡುಗಲ್ಲು, ಸುಣ್ಣಗಲ್ಲುಗಳ ಕಲಾದಗಿ ಶ್ರೇಣಿ. ಅದರ ಉತ್ತರದ ಪಾಲನ್ನೆಲ್ಲ ಮುಚ್ಚಿದ ಕಪ್ಪು ಲಾವಾದ ಹೊದಿಕೆ, ಅಂದರೆ ದಖನ್ ಟ್ರ್ಯಾಪ್. ಎಲ್ಲಕ್ಕೂ ಮೇಲೆ ಮುರಕಲ್ಲು ಮತ್ತು ನದಿಗಳ ಮೆಕ್ಕಲು. ಇಂದಿನ ಲೆಕ್ಕದಲ್ಲಿ ನೈಸ್ ಶಿಲೆಗೆ 250 ಕೋಟಿ ವರ್ಷ ಮೀರಿದೆ, ಲಾವಾಗೆ ಸುಮಾರು 6.6 ಕೋಟಿ. ಅಂಕಿಗಳು ಆಮೇಲೆ ಬಂದವು, ಸರಣಿ 1876ರದ್ದೇ.

ಕಲಾದಗಿ ಶ್ರೇಣಿಯನ್ನು ಫೂಟ್ ಕೆಳಗಿನದು, ಮೇಲಿನದು ಎಂದು ಎರಡು ಮಾಡಿದರು. ಬಾದಾಮಿಯ ಮಟ್ಟಸ ಮರಳುಗಲ್ಲಿಗೆ ಆ ವಿಂಗಡಣೆಯಲ್ಲಿ ಬೇರೆ ಮನೆ ಇರಲಿಲ್ಲ. ಅದೂ ಇದೇ ಮನೆತನದ್ದು ಎಂದೇ ಎಣಿಕೆಯಾಯಿತು.

ಒಡೆದದ್ದು ಎಲ್ಲಿ

ಈ ವಿಂಗಡಣೆ ಏಕೆ ಅಷ್ಟು ಕಾಲ ನಡೆಯಿತು ಎಂಬುದು ಕುತೂಹಲದ ವಿಷಯ. ತಪ್ಪೆಂದು ಹೇಳಿಬಿಡುವುದು ಸುಲಭ. ಆದರೆ ಆ ನೆಲದ ಮೇಲೆ ನಿಂತರೆ ಫೂಟ್ ಅವರ ತರ್ಕ ಅರ್ಥವಾಗುತ್ತದೆ. ಒಂದು ದೊಡ್ಡ ತಗ್ಗಿನಲ್ಲಿ ಕೆಸರು ಮರಳು ಕೂಡಿದಾಗ ನಡುಭಾಗ ಆಳವಾಗಿ ಕುಸಿಯುತ್ತದೆ, ಅಂಚು ಕುಸಿಯುವುದಿಲ್ಲ. ಆಮೇಲೆ ಪಕ್ಕದಿಂದ ಒತ್ತಡ ಬಿದ್ದರೆ ನಡುಭಾಗ ಮಡಚಿಕೊಳ್ಳಬಹುದು, ಅಂಚು ಹಾಗೇ ಉಳಿಯಬಹುದು. ಬಾಗಲಕೋಟೆ, ಲೋಕಾಪುರ ನಡುವಿನಲ್ಲಿವೆ. ಬಾದಾಮಿ ದಕ್ಷಿಣದ ಅಂಚಿನಲ್ಲಿದೆ. ಹಾಗಿದ್ದಾಗ ಒಂದೇ ಶ್ರೇಣಿ ಒಂದು ಕಡೆ ಮಡಚಿದೆ, ಇನ್ನೊಂದು ಕಡೆ ಮಲಗಿದೆ ಎನ್ನುವುದರಲ್ಲಿ ಅಸಂಬದ್ಧತೆಯೇನೂ ಇಲ್ಲ.

ಈ ತರ್ಕವನ್ನು ಮುರಿಯಬೇಕಾದರೆ ಒಂದೇ ದಾರಿ. ಮಲಗಿದ ಕಲ್ಲು ವಾಲಿದ ಕಲ್ಲಿನ ಕಡಿದ ತುದಿಗಳ ಮೇಲೆ ನೇರವಾಗಿ ಕೂತಿರುವ ಜಾಗ ಸಿಗಬೇಕು. ಹಾಗೆ ಸಿಕ್ಕರೆ ಕಥೆ ಪೂರ್ತಿ ಬದಲಾಗುತ್ತದೆ. ಮೊದಲ ಸರಣಿ ಕೂಡಿ, ಗಟ್ಟಿಯಾಗಿ, ಮಡಚಿಕೊಂಡು, ನೀರಿನಿಂದ ಮೇಲಕ್ಕೆದ್ದು, ಮಳೆ ಗಾಳಿಗೆ ಸವೆದು ಸಮವಾದ ನಂತರವೇ ಎರಡನೆಯದು ಅದರ ಮೇಲೆ ಕೂಡಲು ಸಾಧ್ಯ. ಎರಡು ಪದರಗಳ ನಡುವಿನ ಒಂದು ಗೆರೆಯಲ್ಲಿ ಕೋಟಿಗಟ್ಟಲೆ ವರ್ಷ ಕಾಣೆಯಾಗಿರುತ್ತದೆ. ಭೂವಿಜ್ಞಾನಿಗಳು ಇಂಥ ಗೆರೆಯನ್ನು ಅಸಂಗತಿ ಎನ್ನುತ್ತಾರೆ.

1960ರ ದಶಕದಲ್ಲಿ ಭೂವಿಜ್ಞಾನಿ ಎಂ. ಎನ್. ವಿಶ್ವನಾಥಯ್ಯ ಅವರ ಕೆಲಸದಿಂದ ಬಾದಾಮಿಯ ಕಲ್ಲು ಬೇರೆಯಾಯಿತು. ಮಟ್ಟಸವಾಗಿ ಮಲಗಿದ ಈ ಸರಣಿಯನ್ನು ಅವರು ‘ಬಾದಾಮಿ ಶ್ರೇಣಿ’ ಎಂದು ಪ್ರತ್ಯೇಕಿಸಿದರು. 1987ರ ಹೊತ್ತಿಗೆ ಎ. ವಿ. ಜಯಪ್ರಕಾಶ್ ಮತ್ತು ಅವರ ಸಂಗಡಿಗರು ಇಡೀ ಕಲಾದಗಿಯನ್ನು ಎರಡು ಗುಂಪು ಮಾಡಿ ವಿವರವಾಗಿ ನಿರೂಪಿಸಿದರು: ಕೆಳಗೆ ಬಾಗಲಕೋಟೆ ಗುಂಪು, ಮೇಲೆ ಬಾದಾಮಿ ಗುಂಪು, ನಡುವೆ ಅಸಂಗತಿ. ಬಾಗಲಕೋಟೆ ಗುಂಪು ಒಟ್ಟು ಕಿಲೋಮೀಟರುಗಟ್ಟಲೆ ದಪ್ಪ, 100 ಕೋಟಿ ವರ್ಷಕ್ಕಿಂತ ಹಳೆಯದು. ಬಾದಾಮಿ ಗುಂಪು ಅದರ ಮುಂದೆ ತೆಳು, ಸುಮಾರು 300 ಮೀಟರ್; ವಯಸ್ಸಿನಲ್ಲೂ ಕಿರಿದು.

ಈ ವಾದದಲ್ಲಿ ನನಗೆ ಅತಿ ಇಷ್ಟವಾದ ಸಾಕ್ಷಿ ಬಾದಾಮಿ ಗುಂಪಿನ ತಳದಲ್ಲಿರುವ ಗುಂಡುಗಲ್ಲಿನ ಪದರ. ಕೆಂದೂರಿನ ಹೆಸರು ಹೊತ್ತ ಈ ಪದರವನ್ನು ಹತ್ತಿರದಿಂದ ನೋಡಬೇಕು. ಕಂದು ಮರಳಿನ ನಡುವೆ ಉರುಟಾದ ಕಲ್ಲುಗಳು ಹೂತಿವೆ: ಹಾಲಿನಂಥ ಬಿಳಿ ಬೆಣಚು, ಬೂದು ಬಣ್ಣದ ಕ್ವಾರ್ಟ್ಸೈಟ್ (ಮರಳುಗಲ್ಲೇ ಬಿಗಿಯಾಗಿ ಬೆಸೆದು ಗಡುಸಾದದ್ದು), ಅಲ್ಲೊಂದು ಇಲ್ಲೊಂದು ಚಕಮಕಿಯ ಜಾತಿಯ ಕೆಂಪು ಕಲ್ಲು. ನೀರು ಉರುಳಿಸಿ ಉರುಳಿಸಿ ಅಂಚು ಸವೆದ ಕಲ್ಲುಗಳಿವು. ನದಿಯೊಂದು ಹಳೆಯ ಬೆಟ್ಟದಿಂದ ಒಡೆದು ತಂದ ತುಂಡುಗಳು ಹೊಸ ಮರಳಿನೊಳಗೆ ಸಿಕ್ಕಿಕೊಂಡಿವೆ ಎಂದಾದರೆ, ಆ ಹಳೆಯ ಬೆಟ್ಟ ಆಗಲೇ ಗಟ್ಟಿ ಕಲ್ಲಾಗಿ ನಿಂತಿತ್ತು ಎಂದೇ ಅರ್ಥ. ಕೆಸರಿನಿಂದ ಗುಂಡುಗಲ್ಲು ಒಡೆಯುವುದಿಲ್ಲ. ಅಂಗೈಯಗಲದ ಒಂದು ತುಂಡು ಕಲ್ಲು ಇಷ್ಟನ್ನು ಹೇಳುತ್ತದೆ, ಅದಕ್ಕೆ ಪ್ರಯೋಗಾಲಯ ಬೇಕಿಲ್ಲ.

ಅಸಂಗತಿಯ ಗೆರೆಯನ್ನು ಕಣ್ಣಾರೆ ನೋಡಬೇಕೆನ್ನುವವರು ರಾಮದುರ್ಗದ ಸುತ್ತಿನ ಗುಡ್ಡಗಳಿಗೆ ಹೋಗುತ್ತಾರೆ. ಕಡಿದಾಗಿ ನಿಂತ ಹಳೆಯ ಪದರಗಳ ತಲೆ ಒಂದೇ ಮಟ್ಟಕ್ಕೆ ಕತ್ತರಿಸಿಹೋಗಿದೆ, ಅದರ ಮೇಲೆ ಮರಳುಗಲ್ಲು ಅಡ್ಡಡ್ಡ ಮಲಗಿದೆ. ದೇಶದ ಭೂವಿಜ್ಞಾನದ ವಿದ್ಯಾರ್ಥಿಗಳು ಬಂದು ಟಿಪ್ಪಣಿ ಮಾಡಿಕೊಂಡು ಹೋಗುವ ಜಾಗ ಇದು. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ಫಲಕವಿದೆ. ರಾಮದುರ್ಗದ ಗುಡ್ಡಕ್ಕೆ ಅಂಥದ್ದೇನೂ ಇಲ್ಲ. ಕಲ್ಲು ಒಡೆಯುವವರಿಗೆ ಅದು ಬರೀ ಗುಡ್ಡ.

ಫೂಟ್ ಅವರ ಪರವಾಗಿ ಒಂದು ಮಾತು ಹೇಳಲೇಬೇಕು. ಇದೇ 1876ರ ವರದಿಯಲ್ಲಿ ಧಾರವಾಡದ ಕಡೆಯ ಹಸಿರು ಛಾಯೆಯ ಪದರುಶಿಲೆಗಳನ್ನು ಅವರು ಕೆಳಗಿನ ನೈಸ್ ಶಿಲೆಯ ಜತೆಗೇ ಸೇರಿಸಿದ್ದರು. ಹತ್ತು ವರ್ಷಗಳ ಮೇಲೆ, ಬಳ್ಳಾರಿ ಮತ್ತು ಅನಂತಪುರದ ಕಡೆ ಕೆಲಸ ಮಾಡುತ್ತಿದ್ದಾಗ, ಅವು ಬೇರೆಯದೇ ಕುಲ ಎಂದು ಮನವರಿಕೆಯಾಗಿ 1886ರಲ್ಲಿ ಅದಕ್ಕೆ ‘ಧಾರವಾಡ’ ಎಂದು ಹೆಸರಿಟ್ಟು ಪ್ರತ್ಯೇಕಿಸಿದರು. ಕೋಲಾರದ ಚಿನ್ನ, ಸಂಡೂರಿನ ಕಬ್ಬಿಣ, ಚಿತ್ರದುರ್ಗದ ತಾಮ್ರ ಎಲ್ಲವೂ ಆ ಕುಲದ ಕಲ್ಲಿನೊಳಗಿನವು. ತನ್ನ ವಿಂಗಡಣೆಯನ್ನು ತಾನೇ ಒಡೆಯುವ ಮನುಷ್ಯನಿಗೆ ಬಾದಾಮಿಯ ವಿಷಯದಲ್ಲಿ ಇನ್ನೊಂದು ಅವಕಾಶ ಸಿಗಲಿಲ್ಲ ಅಷ್ಟೇ. 1891ರಲ್ಲಿ ನಿವೃತ್ತರಾಗಿ, 1894ರಲ್ಲಿ ಶುರುವಾದ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯನ್ನು ಕೆಲ ವರ್ಷ ನಡೆಸಿ, 1912ರಲ್ಲಿ ತೀರಿಕೊಂಡರು.

ಊರುಗಳ ಹೆಸರಿನಲ್ಲಿ ಭೂಮಿಯ ಚರಿತ್ರೆ

ಇಂದಿನ ಸಮೀಕ್ಷಾ ವರದಿಯಲ್ಲಿ ಕಲಾದಗಿಯ ಶಿಲಾಪಟ್ಟಿ ತೆರೆದರೆ ಬಾಗಲಕೋಟೆ ಬಸ್ ನಿಲ್ದಾಣದ ವೇಳಾಪಟ್ಟಿಯ ಮುಂದೆ ನಿಂತಂತಾಗುತ್ತದೆ. ಸಾಲಗುಂದಿಯ ಗುಂಡುಗಲ್ಲು, ಸವದತ್ತಿಯ ಕ್ವಾರ್ಟ್ಸೈಟ್, ಮಹಾಕೂಟದ ಚೂರುಗಲ್ಲು, ಮುನವಳ್ಳಿಯ ಜೇಡುಗಲ್ಲು, ಚಿತ್ರಭಾನುಕೋಟೆಯ ಡಾಲೊಮೈಟ್ (ಸುಣ್ಣಗಲ್ಲಿನ ಬಳಗದ್ದೇ), ಚಿಕ್ಕಶೆಲ್ಲಿಕೇರಿಯ ಸುಣ್ಣಗಲ್ಲು. ಬಾದಾಮಿ ಗುಂಪಿನಲ್ಲಿ ಕೆರೂರು, ಕಟಗೇರಿ, ಹಲಕುರ್ಕಿ, ಕೊಂಕಣಕೊಪ್ಪ. ಪ್ರತಿ ಪದರ ಯಾವ ಊರಿನ ಹತ್ತಿರ ಚೆನ್ನಾಗಿ ತೆರೆದು ಕಾಣುತ್ತದೋ ಆ ಊರಿನ ಹೆಸರು ಅದಕ್ಕೆ ಬರುತ್ತದೆ. ಇದು ಜಗತ್ತಿನಾದ್ಯಂತ ಇರುವ ರೂಢಿ. ಗುಹಾಲಯಗಳನ್ನು ಕೊರೆದ ಬಂಡೆಗೆ ಮಾತ್ರ ಊರಿನ ಹೆಸರಿಲ್ಲ. ಅದು ವರದಿಗಳಲ್ಲಿ ‘ಗುಹಾಲಯದ ಮರಳುಗಲ್ಲು’ ಎಂದೇ ದಾಖಲಾಗಿದೆ.

ಮಹಾಕೂಟದ ಚೂರುಗಲ್ಲಿನ ಮುಂದೆ ತುಸು ನಿಲ್ಲಬೇಕು. ಇದರೊಳಗಿನ ತುಂಡುಗಳು ಕೆಂದೂರಿನ ಹಾಗೆ ಉರುಟಲ್ಲ, ಚೂಪು. ಅಂದರೆ ಇವನ್ನು ನದಿ ದೂರದಿಂದ ಉರುಳಿಸಿ ತಂದಿಲ್ಲ, ಹುಟ್ಟಿದ ಜಾಗದಲ್ಲೇ ಮುರಿದು ಮತ್ತೆ ಬೆಸೆದುಕೊಂಡಿವೆ. ಸುಣ್ಣದ ಅಂಶದ ಕಲ್ಲಿನ ನಡುನಡುವೆ ಚಕಮಕಿ ಜಾತಿಯ ಗಡುಸು ಪದರಗಳಿದ್ದು, ಸುಣ್ಣ ನೀರಿಗೆ ಕರಗಿ ಹೋದಾಗ ಗಡುಸು ಪದರ ಆಸರೆ ತಪ್ಪಿ ಕುಸಿದು ಚೂರಾಗುತ್ತದೆ. ಲೋಕಾಪುರ, ಬಾಗಲಕೋಟೆ ಕಡೆಯ ಸುಣ್ಣಗಲ್ಲು, ಡಾಲೊಮೈಟುಗಳಲ್ಲಿ ಇನ್ನೊಂದು ವಿಶೇಷ: ಕೆಲವೆಡೆ ಈರುಳ್ಳಿ ಸೀಳಿದಾಗ ಕಾಣುವ ಬಗೆಯ ಗುಮ್ಮಟದಾಕಾರದ ಗೆರೆಗಳು. ಇವು ಸ್ಟ್ರೊಮಾಟೊಲೈಟುಗಳು. ಬಿಸಿಲು ತಾಗುವ ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳು ಲೋಳೆಯಂಥ ಪೊರೆ ಹಾಸಿ, ಅದರ ಮೇಲೆ ಸುಣ್ಣದ ಕೆಸರು ಕೂತು, ಮತ್ತೆ ಪೊರೆ ಬೆಳೆದು ಆದವು. ಫೂಟ್ ಅವರಿಗೆ ಪಳೆಯುಳಿಕೆ ಸಿಗಲಿಲ್ಲ ಎಂದೆ. ಈ ಸೀಮೆಯಲ್ಲಿ ಜೀವದ ಗುರುತು ಇರುವುದೇ ಈ ರೂಪದಲ್ಲಿ, 1960ರ ದಶಕದಲ್ಲಿ ಅದನ್ನು ಗುರುತಿಸಿ ಬರೆದವರಲ್ಲಿ ವಿಶ್ವನಾಥಯ್ಯನವರೂ ಒಬ್ಬರು. ಬಿರುಬಿಸಿಲಿನ ಬಾಗಲಕೋಟೆ ಜಿಲ್ಲೆಯಲ್ಲಿ ಒಂದು ಕಾಲಕ್ಕೆ ಆಳವಿಲ್ಲದ ಕಡಲಿತ್ತು ಎಂಬುದಕ್ಕೆ ಸಾಕ್ಷಿ ಅಲ್ಲಿನ ಸಿಮೆಂಟ್ ಕಾರ್ಖಾನೆಗಳಿಗೆ ಕಲ್ಲು ಒದಗಿಸುವ ಗಣಿಗಳ ಗೋಡೆಯಲ್ಲೇ ಇದೆ.

ಪದರ ಓದಿದರೆ ನೆಲ ತಿಳಿಯುತ್ತದೆ

ವಾಲಿದ ಕಲ್ಲು, ಮಲಗಿದ ಕಲ್ಲು ಎಂಬ ಭೇದ ಪಂಡಿತರ ಜಗಳ ಮಾತ್ರವಲ್ಲ. ಈ ಸೀಮೆಯ ನೋಟವನ್ನು ರೂಪಿಸಿದ್ದೇ ಅದು.

ಮಲಗಿದ ಮರಳುಗಲ್ಲು ಸವೆಯುವಾಗ ನೆತ್ತಿ ಸಪಾಟಾಗಿ, ಬದಿ ನೆಟ್ಟಗೆ ನಿಲ್ಲುತ್ತದೆ. ಕಲ್ಲಿನೊಳಗೆ ಮೇಲಿನಿಂದ ಕೆಳಕ್ಕೆ ಸೀಳುಗಳಿವೆ; ಬುಡ ಸಡಿಲವಾದಾಗ ಸೀಳಿನುದ್ದಕ್ಕೆ ದೊಡ್ಡ ಹಲಗೆಯೇ ಕಳಚಿ ಬೀಳುತ್ತದೆ, ಹಿಂದಿನ ಗೋಡೆ ಮತ್ತೆ ನೆಟ್ಟಗೇ ಉಳಿಯುತ್ತದೆ. ಬಾದಾಮಿಯ ಕೋಟೆಗೆ ಹತ್ತುವ ಕಿರಿದಾದ ಕಂದಕಗಳು ಇಂಥ ಸೀಳುಗಳು ಅಗಲವಾಗಿ ಆದವೇ. ಚಾಲುಕ್ಯರ ಒಂದನೆಯ ಪುಲಕೇಶಿ 543ರಲ್ಲಿ ಇಲ್ಲಿ ಕೋಟೆ ಕಟ್ಟಿದ. ಮೂರು ಕಡೆ ಬಂಡೆಯ ಗೋಡೆ, ನಡುವೆ ನೀರು ನಿಲ್ಲುವ ತಗ್ಗು. ಅರ್ಧ ಕೋಟೆಯನ್ನು ಭೂಮಿಯೇ ಕಟ್ಟಿ ಮುಗಿಸಿತ್ತು. 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ ಮೇಲಕ್ಕೆ ನೋಡಿದರೆ ಚಾವಣಿ ಅಷ್ಟು ಸಪಾಟಾಗಿರುವುದು ಶಿಲ್ಪಿಯ ಉಳಿಯಿಂದ ಮಾತ್ರವಲ್ಲ, ಪದರದ ಹಾಸು ಹಾಗೆ ಬಿಡಿಸಿಕೊಂಡು ಬರುತ್ತದೆ. ಕಂಬಗಳ ಮೇಲೆ, ಮೂರ್ತಿಗಳ ಎದೆ ತೊಡೆಗಳ ಮೇಲೆ ನೇರಳೆ, ತಿಳಿಗೆಂಪು ಪಟ್ಟಿಗಳು ಓರೆಯಾಗಿ ಹಾಯ್ದಿರುವುದನ್ನು ನೋಡಬಹುದು. ಹರಿಯುವ ನೀರು ಮರಳನ್ನು ದಿಬ್ಬ ದಿಬ್ಬವಾಗಿ ತಳ್ಳಿಕೊಂಡು ಹೋದಾಗ ಹೀಗೆ ಓರೆ ಗೆರೆ ಉಳಿಯುತ್ತದೆ. ಆ ನದಿಗಳಿಗೆ ಹೆಸರಿಲ್ಲ, ಅವು ಹರಿದಾಗ ದಂಡೆಯ ಮೇಲೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಮಾರ್ಗದರ್ಶಿಗಳು ಹದಿನೆಂಟು ಕೈಯ ನಟರಾಜನ ಭಂಗಿಗಳನ್ನು ಎಣಿಸಿ ತೋರಿಸುತ್ತಾರೆ, ಒಳ್ಳೆಯದೇ. ಗೆರೆಗಳನ್ನು ತೋರಿಸಿದವರನ್ನು ನಾನು ನೋಡಿಲ್ಲ.

ಗೋಕಾಕದಲ್ಲಿಯೂ ಮಲಗಿದ ಪದರದ್ದೇ ಕೆಲಸ. ಘಟಪ್ರಭೆ ಅಲ್ಲಿ ಕುದುರೆಲಾಳದ ಆಕಾರದ ಅಂಚಿನಿಂದ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುತ್ತದೆ. ಜಲಪಾತದ ಮುಖ ಇಳಿಜಾರಾಗದೆ ಗೋಡೆಯಂತೆ ಉಳಿದಿರುವುದಕ್ಕೆ ಕಾರಣ ಬಾದಾಮಿಯಲ್ಲಿ ಹೇಳಿದ್ದೇ: ಬುಡ ಸವೆಯುತ್ತದೆ, ಹಲಗೆ ಬೀಳುತ್ತದೆ. ಆ ನೀರಿನ ಬೀಳುವ ಶಕ್ತಿಯನ್ನು ನೂಲಿನ ಗಿರಣಿ 1880ರ ದಶಕದಲ್ಲೇ ಬಳಸಿಕೊಂಡಿತು.

ವಾಲಿದ ಕಲ್ಲಿನ ನಡತೆ ಬೇರೆ. ಗಡುಸು ಕ್ವಾರ್ಟ್ಸೈಟಿನ ಪದರ ಉದ್ದನೆಯ ಏಣಾಗಿ ಎದ್ದು ನಿಲ್ಲುತ್ತದೆ, ಪಕ್ಕದ ಮೆತ್ತಗಿನ ಜೇಡುಗಲ್ಲು ಕೊರೆದು ಕಣಿವೆಯಾಗುತ್ತದೆ. ಸವದತ್ತಿಯ ಹತ್ತಿರ ಅಂಥ ಒಂದು ಏಣು ಮಲಪ್ರಭೆಗೆ ಅಡ್ಡ ಬರುತ್ತದೆ. ನದಿ ಅದನ್ನು ಬಳಸಿ ಹೋಗುವ ಬದಲು ನಡುವೆ ಸೀಳಿಕೊಂಡು ಹೋಗಿದೆ. ಅದೇ ನವಿಲುತೀರ್ಥದ ಕಂದರ. ನದಿಯೊಂದು ಸುಲಭದ ದಾರಿ ಬಿಟ್ಟು ಗಡುಸು ಬೆಟ್ಟ ಕೊರೆದದ್ದು ಏಕೆ? ಭೂವಿಜ್ಞಾನ ಕೊಡುವ ಒಂದು ವಿವರಣೆ ಹೀಗಿದೆ: ನದಿ ತನ್ನ ಹಾದಿ ಹಿಡಿದಾಗ ಈ ಏಣು ಹೊರಗೆ ಕಾಣುತ್ತಿರಲಿಲ್ಲ, ಮೇಲೆ ಬೇರೆ ಕಲ್ಲಿನ ಹೊದಿಕೆ ಇತ್ತು. ಹೊದಿಕೆ ಸವೆದಂತೆ ನದಿ ಇದ್ದ ಹಾದಿಯಲ್ಲೇ ಕೆಳಗಿಳಿಯಿತು, ಇಳಿದಾಗ ಏಣು ಅಡಿಗೆ ಸಿಕ್ಕಿತು. ಅಷ್ಟರಲ್ಲಿ ಹಾದಿ ಬದಲಿಸುವ ಕಾಲ ಮೀರಿತ್ತು.

ಎಂಜಿನಿಯರುಗಳಿಗೆ ಈ ಕಂದರ ವರವಾಯಿತು. ನವಿಲುತೀರ್ಥದ ಅಣೆಕಟ್ಟಿನ ಉದ್ದ 200 ಮೀಟರಿಗೂ ಕಡಿಮೆ, ಅದರ ಬೆನ್ನಿಗೆ ರೇಣುಕಾಸಾಗರದಷ್ಟು ದೊಡ್ಡ ಜಲಾಶಯ. ಇದೇ ಸೀಮೆಯಲ್ಲಿ ಘಟಪ್ರಭೆಗೆ ಹಿಡಕಲ್ಲಿನಲ್ಲಿ ಕಟ್ಟಿದ ಅಣೆಕಟ್ಟು ಸುಮಾರು 10 ಕಿಲೋಮೀಟರ್ ಉದ್ದ. ಎರಡು ಅಕ್ಕತಂಗಿ ನದಿಗಳ ಅಣೆಗಳಲ್ಲಿ ಇಷ್ಟು ವ್ಯತ್ಯಾಸ ಬಂದದ್ದು ಗುತ್ತಿಗೆದಾರರಿಂದಲ್ಲ: ಒಂದು ಕಡೆ ಕ್ವಾರ್ಟ್ಸೈಟಿನ ಬಾಗಿಲು, ಇನ್ನೊಂದು ಕಡೆ ಬಾಯಿ ತೆರೆದ ಅಗಲ ಕಣಿವೆ.

ಮಣ್ಣೂ ಹೀಗೆಯೇ ಪಾಲಾಗಿದೆ. ಲಾವಾದ ಮೇಲೆ ಎರೆ. ಸುಣ್ಣಗಲ್ಲು, ಜೇಡುಗಲ್ಲಿನ ಬಯಲಿನಲ್ಲೂ ಬಹುಮಟ್ಟಿಗೆ ಎರೆ. ಮರಳುಗಲ್ಲು ಮತ್ತು ನೈಸ್ ಶಿಲೆಯ ಮೇಲೆ ತೆಳುವಾದ ಮಸಾರಿ. ಹಿಂಗಾರಿಯ ಬಿಳಿಜೋಳ, ಕಡಲೆ ಎಲ್ಲಿ, ಮುಂಗಾರಿಯ ಸಜ್ಜೆ ಎಲ್ಲಿ ಎಂದು ರೈತರು ತಲೆತಲಾಂತರದಿಂದ ಮಾಡಿಕೊಂಡ ವಿಂಗಡಣೆಯನ್ನು ಭೂನಕ್ಷೆಯ ಬಣ್ಣಗಳ ಮೇಲಿಟ್ಟರೆ ಎಷ್ಟೋ ಕಡೆ ಗೆರೆಗಳು ಕೂಡಿಕೊಳ್ಳುತ್ತವೆ. ಕೊಳವೆಬಾವಿಯ ವಿಷಯಕ್ಕೆ ಬಂದಾಗ ಮಾತ್ರ ಈ ತಿಳಿವಳಿಕೆ ಕೈಕೊಡುತ್ತದೆ. ಬಾದಾಮಿಯ ಮರಳುಗಲ್ಲಿನ ಕಣಗಳ ನಡುವಿನ ಜಾಗವನ್ನು ಸಿಲಿಕ ತುಂಬಿ ಬೆಸೆದಿದೆ. ನೀರು ನಿಲ್ಲುವುದು ಸೀಳುಗಳಲ್ಲಿ ಮಾತ್ರ. ಸೀಳು ತಪ್ಪಿದರೆ ಎಷ್ಟು ಅಡಿ ಕೊರೆದರೂ ಒಣ ಪುಡಿ. ಮಹಾಕೂಟದ ಪುಷ್ಕರಿಣಿಗೆ ಬೆಟ್ಟದ ಬುಡದಿಂದ ಸದಾ ಬರುವ ಸೆಲೆಯನ್ನು ನೋಡಿ, ಈ ಬೆಟ್ಟಗಳ ಹೊಟ್ಟೆ ತುಂಬ ನೀರಿದೆ ಎಂದುಕೊಂಡವರು ಸಾಲ ಮಾಡಿ ಕೊರೆಸುತ್ತಾರೆ. ತೆಂಗಿನಕಾಯಿ ಅಂಗೈ ಮೇಲಿಟ್ಟು ಜಾಗ ತೋರಿಸುವವರಿಗೆ ಸಾವಿರಗಟ್ಟಲೆ ಕೊಡುವ ಜನ, ಸರ್ವೇಕ್ಷಣಾ ಇಲಾಖೆಯ ‘ಭೂಕೋಶ್’ ಜಾಲತಾಣದಲ್ಲಿ ತಮ್ಮ ತಾಲ್ಲೂಕಿನ ನಕ್ಷೆ ಬಿಟ್ಟಿಯಾಗಿ ಸಿಗುತ್ತದೆಂದು ತಿಳಿಯದವರು. ತಿಳಿದರೂ ಅದರ ಭಾಷೆ ಅವರದ್ದಲ್ಲ. ಇದು ರೈತರ ತಪ್ಪೆಂದು ನನಗೆ ಅನ್ನಿಸುವುದಿಲ್ಲ. ನೂರೈವತ್ತು ವರ್ಷದಿಂದ ಅವರ ಊರುಗಳ ಹೆಸರನ್ನು ಪದರಗಳಿಗೆ ಇಟ್ಟ ಇಲಾಖೆ ಅವರ ನುಡಿಯಲ್ಲಿ ಒಂದು ಪುಟದ ವಿವರಣೆ ಬರೆಯಬಹುದಿತ್ತು.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ದೇಗುಲಗಳ ಅಂಗಳಕ್ಕೆ ನೀರು ನುಗ್ಗಿದ್ದು ನೆನಪಿರಬಹುದು. ಆಗ ಮಾತೆಲ್ಲ ಜಲಾಶಯದಿಂದ ಎಷ್ಟು ನೀರು ಬಿಟ್ಟರು ಎಂಬುದರ ಸುತ್ತ ನಡೆಯಿತು. ಅದು ಮುಖ್ಯವೇ. ಆದರೆ ಭೂನಕ್ಷೆಯನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. ನವಲಗುಂದ, ನರಗುಂದ ಕಡೆಯ ಸಪಾಟಾದ ಎರೆಹೊಲಗಳ ನೀರನ್ನೆಲ್ಲ ಬೆಣ್ಣೆಹಳ್ಳ ತಂದು ಮಲಪ್ರಭೆಗೆ ಸುರಿಯುತ್ತದೆ. ಅದಾದ ಮೇಲೆ ನದಿ ಬಾದಾಮಿಯ ಕಡೆಯ ಮರಳುಗಲ್ಲಿನ ಗುಡ್ಡಗಳ ಸಂದಿಗೆ ಬರುತ್ತದೆ. ಬಯಲಿನಲ್ಲಿ ಹರಡಿಕೊಂಡು ಬಂದ ನೀರಿಗೆ ಇಲ್ಲಿ ಹರಡಲು ಎಡೆ ಕಡಿಮೆ. ದಂಡೆಯ ಅತಿಕ್ರಮಣ ಅದನ್ನು ಇನ್ನಷ್ಟು ಬಿಗಿ ಮಾಡುತ್ತದೆ, ನೆರೆ ಎಷ್ಟು ಎತ್ತರಕ್ಕೆ ಏರುತ್ತದೆಂಬುದು ಅಲ್ಲಿಗೆ ನಿರ್ಧಾರವಾಗುತ್ತದೆ.

ವರದಿಯ ಅಂಚಿನಲ್ಲಿ ಉಳಿದವು

1876ರ ವರದಿಗೆ ಇನ್ನೊಂದು ಮಗ್ಗುಲಿದೆ. ನದಿಗಳ ಮೆಕ್ಕಲಿನಲ್ಲಿ ಸಿಕ್ಕ ಕ್ವಾರ್ಟ್ಸೈಟಿನ ಕಲ್ಲಿನುಪಕರಣಗಳನ್ನೂ ಫೂಟ್ ಭೂರಚನೆಯ ಭಾಗವಾಗಿಯೇ ದಾಖಲಿಸಿದರು. 1950ರ ದಶಕದಲ್ಲಿ ಪುರಾತತ್ತ್ವಜ್ಞ ಆರ್. ವಿ. ಜೋಶಿ ಮಲಪ್ರಭಾ ಕಣಿವೆಯನ್ನು ಮತ್ತೆ ಜಾಲಾಡಿ, ಖ್ಯಾಡ ಮೊದಲಾದ ಕಡೆ ನದಿದಂಡೆಯ ಪದರಗಳ ಜತೆಗೆ ಉಪಕರಣಗಳನ್ನು ಹೊಂದಿಸಿ ನೋಡಿದರು. ಆ ಮನುಷ್ಯರು ಆರಿಸಿದ ಕಲ್ಲು ಕಲಾದಗಿಯ ಕ್ವಾರ್ಟ್ಸೈಟೇ. ನದಿ ಉರುಟು ಮಾಡಿ ಕೈಗೆ ಹಿಡಿಯುವ ಗಾತ್ರಕ್ಕೆ ತಂದು ಕೊಟ್ಟಿತ್ತು, ಅವರು ಅಂಚು ಕೆತ್ತಿಕೊಂಡರು.

ಖನಿಜದ ಮಾತು ಬರದೆ ಯಾವ ಸಮೀಕ್ಷೆಯೂ ಮುಗಿಯುವುದಿಲ್ಲ. ಗದಗಿನ ಹತ್ತಿರದ ಡಂಬಳದ ಗುಡ್ಡಗಳಲ್ಲಿ, ಅಂದರೆ ಈಗಿನ ಕಪ್ಪತಗುಡ್ಡದಲ್ಲಿ, ಚಿನ್ನವಿರುವ ಕಲ್ಲುಗಳ ಬಗ್ಗೆ ಫೂಟ್ 1874ರಲ್ಲೇ ಒಂದು ಟಿಪ್ಪಣಿ ಬರೆದಿದ್ದರು. ಸೊರಟೂರಿನ ಹಳ್ಳದ ಮರಳು ತೊಳೆದು ಚಿನ್ನದ ಹುಡಿ ತೆಗೆಯುತ್ತಿದ್ದ ಜಾಲಗಾರರ ಕೆಲಸವೂ ಅವರ ಗಮನಕ್ಕೆ ಬಂದಿತ್ತು. ಆ ಗುಡ್ಡದಲ್ಲಿ ಗಣಿಗಾರಿಕೆ ಬೇಕೇ ಬೇಡವೇ ಎಂಬ ಜಗಳ ನಮ್ಮ ಕಾಲದವರೆಗೂ ಬಂದು, 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಕಲಾದಗಿ ಶ್ರೇಣಿಯಿಂದ ಅಂಥ ಆಸೆ ಹುಟ್ಟಲಿಲ್ಲ. ಸುಣ್ಣ, ಕಟ್ಟಡದ ಕಲ್ಲು, ಸಿಮೆಂಟು, ಅಷ್ಟೇ. ಬಾದಾಮಿಯ ಬಂಡೆಗಳು ಇಂದಿಗೂ ಇದ್ದಲ್ಲೇ ಇರುವುದಕ್ಕೆ ಚಾಲುಕ್ಯರ ಗುಹೆಗಳು ಎಷ್ಟು ಕಾರಣವೋ ಅವುಗಳೊಳಗೆ ಬೆಲೆಬಾಳುವುದೇನೂ ಇಲ್ಲವೆಂಬುದೂ ಅಷ್ಟೇ ಕಾರಣ ಎಂದು ನನಗೆ ತೋರುತ್ತದೆ.

ಇನ್ನು ಕಲಾದಗಿಯ ಉತ್ತರದ ಎಲ್ಲೆ. ಈಗ ತೆರೆದು ಕಾಣುವ ಭಾಗ ಸುಮಾರು 8,000 ಚದರ ಕಿಲೋಮೀಟರ್. ಉಳಿದದ್ದು ಲಾವಾದ ಅಡಿಯಲ್ಲಿದೆ. ಜಮಖಂಡಿಯ ಕಡೆ ಲಾವಾ ಸವೆದ ಕಿಟಕಿಗಳಲ್ಲಿ ಕಲಾದಗಿಯ ಕಲ್ಲು ಇಣುಕುತ್ತದೆ. ಸಹ್ಯಾದ್ರಿಯ ಆಚೆ ಕೊಂಕಣದಲ್ಲೂ ಇಂಥ ಕಿಟಕಿಗಳಿವೆ. ಹಾಗಾದರೆ ಇಡೀ ದಕ್ಷಿಣ ಮಹಾರಾಷ್ಟ್ರದ ಕೆಳಗೆ ಇದೇ ಹಾಸಿದೆಯೇ? ಭೂಕಂಪದ ಅಧ್ಯಯನಕ್ಕೆಂದು ಕೊಯ್ನಾ ಪ್ರದೇಶದಲ್ಲಿ ಕೊರೆದ ಮೊದಲ ಆಳದ ರಂಧ್ರ 1,522 ಮೀಟರ್ ಇಳಿಯಿತು. ಲಾವಾ ಅಲ್ಲಿ 930 ಮೀಟರಿಗಿಂತ ಸ್ವಲ್ಪ ಹೆಚ್ಚು ದಪ್ಪವಿತ್ತು. ಅದು ಮುಗಿದ ಕೂಡಲೇ ಮೇಲೆ ಬಂದದ್ದು ನೇರವಾಗಿ ಗ್ರಾನೈಟ್, ನೈಸ್. ನಡುವೆ ಮರಳುಗಲ್ಲಿನ ಒಂದು ಗೇಣೂ ಇಲ್ಲ. ಅಂದರೆ ಕಲಾದಗಿಯ ಕಡಲಿನ ದಂಡೆ ಜಮಖಂಡಿಗೂ ಕೊಯ್ನಾಕ್ಕೂ ನಡುವೆ, ಲಾವಾದ ಕೆಳಗೆ ಎಲ್ಲೋ ಹಾದುಹೋಗಿದೆ, ಇಲ್ಲವೇ ಕೊಯ್ನಾದ ಕಡೆ ಕೂಡಿದ್ದ ಕಲ್ಲು ಲಾವಾ ಬರುವ ಮೊದಲೇ ಸವೆದು ಹೋಗಿತ್ತು. ಎರಡರಲ್ಲಿ ಯಾವುದು ಎಂಬುದನ್ನು ಹೇಳಲು ನಡುವೆ ಇನ್ನೂ ಕೆಲವು ರಂಧ್ರ ಕೊರೆಯಬೇಕು.